ಚಳಿಗಾಲದಲ್ಲಿ ಓಡಿದರೆ ನೆಗಡಿ ಬರುತ್ತಾ? ಓಟ ನಿಲ್ಲಿಸಬೇಕಾ?

ಪ್ರತಿ ಚಳಿಗಾಲದಲ್ಲೂ ನೆಗಡಿ, ಕೆಮ್ಮು ಹಿಡಿಯುತ್ತದೆ, ಮನೆಯವರು ಬೆಳಗಿನ ಓಟವನ್ನೇ ದೂರುತ್ತಾರೆ, ಬಿಟ್ಟುಬಿಡಲಾ ಎಂದು ಕೇಳಿದ್ದೀರಿ. ಬಿಡಬೇಡಿ. ನಾನೂ ವರ್ಷಪೂರ್ತಿ ಓಡುತ್ತೇನೆ. ನಾನು ನೋಡಿದ ಮಟ್ಟಿಗೆ ಜಾಸ್ತಿ ತೊಂದರೆ ಕೊಡುವುದು ಎರಡು: ಓಟದ ಹಿಂದಿನ ರಾತ್ರಿ, ಮತ್ತು ಓಟ ಮುಗಿದ ಮೇಲಿನ ಅರ್ಧ ಗಂಟೆ.

ನೆಗಡಿ ತರುವುದು ವೈರಸ್. ಬರೀ ಚಳಿಯಿಂದ ಅದು ಹುಟ್ಟುವುದಿಲ್ಲ. ಹಾಗಂತ ಚಳಿಯ ಪಾಲು ಏನೂ ಇಲ್ಲ ಅಂತಲ್ಲ. ನೆಗಡಿ ತರುವ ರೈನೋವೈರಸ್ 37 ಡಿಗ್ರಿಗಿಂತ 33 ಡಿಗ್ರಿಯಲ್ಲಿ, ಅಂದರೆ ತಣ್ಣಗಿರುವ ಮೂಗಿನೊಳಗೆ, ಚೆನ್ನಾಗಿ ಬೆಳೆಯುತ್ತದೆ. ಜೊತೆಗೆ ಚಳಿ ಅಂತ ಎಲ್ಲರೂ ಕಿಟಕಿ ಬಾಗಿಲು ಮುಚ್ಚಿಕೊಂಡು ಒಳಗೇ ಕೂರುತ್ತಾರೆ. ಒಬ್ಬರಿಂದ ಒಬ್ಬರಿಗೆ ಅಂಟುವುದು ಹೆಚ್ಚಾಗಿ ಅಲ್ಲೇ. ಬಯಲಲ್ಲಿ ಒಬ್ಬರೇ ಓಡುವಾಗ ಯಾರಿಂದ ಅಂಟಬೇಕು ಹೇಳಿ?

ಓಡುವಾಗ ಮೂಗು ಸೋರಿದರೆ ಗಾಬರಿ ಬೇಡ. ಒಣ ತಂಡಿ ಗಾಳಿಯನ್ನು ಬೆಚ್ಚಗೆ, ತೇವ ಮಾಡಲು ಮೂಗು ಜಾಸ್ತಿ ನೀರು ಬಿಡುತ್ತದೆ, ಅಷ್ಟೇ. ಒಳಗೆ ಬಂದ ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತದೆ. ಮನೆಯವರು ಇದನ್ನೇ ನೆಗಡಿ ಅಂದುಕೊಂಡಿರಲೂಬಹುದು!

ಈಗ ನಿದ್ದೆ. 2015ರ ಒಂದು ಅಧ್ಯಯನದಲ್ಲಿ ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಹನಿ ಹಾಕಿ ಯಾರಿಗೆ ಕಾಯಿಲೆ ಬರುತ್ತದೆ ಎಂದು ನೋಡಿದರು. 7 ಗಂಟೆಗಿಂತ ಜಾಸ್ತಿ ಮಲಗುತ್ತಿದ್ದವರಿಗೆ ಹೋಲಿಸಿದರೆ, 6 ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿ ಆಗುವ ಸಾಧ್ಯತೆ 4 ಪಟ್ಟಿಗಿಂತ ಹೆಚ್ಚಿತ್ತು. ಆದ್ದರಿಂದ ರಾತ್ರಿ 12ಕ್ಕೆ ಮಲಗಿ ಬೆಳಗ್ಗೆ 5ಕ್ಕೆ ಅಲಾರಂ ಇಡುವುದಾದರೆ ಆ ದಿನ ಓಟ ಬಿಡುವುದೇ ಒಳ್ಳೆಯದು, ಇಲ್ಲವೇ ಸಂಜೆ ಓಡಿ. ಓಟದ ಹುಚ್ಚು ಹಿಡಿದವರಿಗೆ ಈ ಮಾತು ರುಚಿಸುವುದಿಲ್ಲ, ಗೊತ್ತು.

ಮೈಮುರಿದು ಓಡುವುದರ ಬಗ್ಗೆಯೂ ಒಂದು ಮಾತು. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರಲ್ಲಿ 12.9% ಮಂದಿ ಮುಂದಿನ ವಾರದಲ್ಲಿ ಕಾಯಿಲೆ ಬಿದ್ದೆವು ಅಂದರು. ತಯಾರಿ ಮಾಡಿಕೊಂಡೂ ಓಡದೆ ಉಳಿದವರಲ್ಲಿ ಹಾಗೆ ಹೇಳಿದವರು 2.2% ಮಾತ್ರ. ಇದಕ್ಕೆ ಓಟದ ದಣಿವೇ ಕಾರಣವೋ, ಪ್ರಯಾಣ, ಜನಜಂಗುಳಿ, ನಿದ್ದೆಗೇಡು ಕಾರಣವೋ ಎಂಬ ವಾದ ಇನ್ನೂ ನಡೆಯುತ್ತಿದೆ. ನಮಗೆ ಎರಡೂ ಒಂದೇ ಅಲ್ವಾ? ದೊಡ್ಡ ಓಟ ಮುಗಿದ ವಾರ ಹಗುರವಾಗಿರಿ, ಗುಂಪಿನಿಂದ ಸ್ವಲ್ಪ ದೂರ ಇರಿ.

ಬಟ್ಟೆ ವಿಷಯದಲ್ಲಿ ಬಹಳಷ್ಟು ಜನ ಎಡವುತ್ತಾರೆ. ಹೊರಗೆ ಇರುವುದಕ್ಕಿಂತ ಸುಮಾರು 10 ಡಿಗ್ರಿ ಜಾಸ್ತಿ ಇದೆ ಅಂದುಕೊಂಡು ಬಟ್ಟೆ ಹಾಕಿ. ಮೊದಲ ಐದು ಹತ್ತು ನಿಮಿಷ ತುಸು ಚಳಿ ಅನ್ನಿಸಿದರೆ ಲೆಕ್ಕ ಸರಿ ಇದೆ. ಹೊರಡುವಾಗಲೇ ಬೆಚ್ಚಗಿದ್ದರೆ ಆಮೇಲೆ ಬೆವರಿನಲ್ಲಿ ತೊಯ್ದುಹೋಗುತ್ತೀರಿ. ಮೈಗೆ ತಾಗುವ ಬಟ್ಟೆ ಹತ್ತಿಯದು ಬೇಡ. ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆ ಆಗಬಹುದು. ಕಿವಿ, ಕೈ ಮುಚ್ಚಿರಲಿ. ಜೋರು ಗಾಳಿ ಇದ್ದರೆ ಹೋಗುವಾಗ ಗಾಳಿಗೆ ಎದುರಾಗಿ ಓಡಿ, ಬರುವಾಗ ಅದು ಬೆನ್ನ ಹಿಂದಿರಲಿ. ಬೆವರಿದ ಮೈಗೆ ಎದುರುಗಾಳಿ ಹೊಡೆದರೆ ಬೇಗ ನಡುಕ ಹತ್ತುತ್ತದೆ.

ಮುಗಿದ ತಕ್ಷಣ ಒದ್ದೆ ಬಟ್ಟೆ ಬದಲಿಸಿ. ಸ್ಟ್ರೆಚಿಂಗ್, ಹರಟೆ, ಫೋನಿನಲ್ಲಿ ಎಷ್ಟು ಕಿಲೋಮೀಟರ್ ಆಯ್ತು ಅಂತ ನೋಡುವುದು, ಎಲ್ಲಾ ಆಮೇಲೆ. ಓಡುವಾಗ ಮೈ ಬಿಸಿ ಹುಟ್ಟಿಸುತ್ತಿರುತ್ತದೆ. ನಿಂತರೆ ಅದು ಇಳಿಯುತ್ತದೆ, ಆದರೆ ಒದ್ದೆ ಬಟ್ಟೆ ಬಿಸಿ ಎಳೆಯುತ್ತಲೇ ಇರುತ್ತದೆ. ಬಾಯಾರಿಕೆ ಚಳಿಯಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ, ನೀರನ್ನೂ ಮರೆಯಬೇಡಿ.

ಗಾಳಿಯಿಲ್ಲದ ಚಳಿಗಾಲದ ಬೆಳಗಿನಲ್ಲಿ ಹೊಗೆ, ದೂಳು ನೆಲಮಟ್ಟದಲ್ಲೇ ಸಿಕ್ಕಿಕೊಳ್ಳುತ್ತವೆ. ವಾಹನ ಜಾಸ್ತಿ ಇರುವ ಕಡೆ ಓಡುವವರಾದರೆ ವಾಯು ಗುಣಮಟ್ಟ ನೋಡಿ, ಬಿಸಿಲೇರಿದ ಮೇಲೆ ಹೊರಡಿ.

ನೆಗಡಿ ಬಂದೇ ಬಿಟ್ಟರೆ? ಮೂಗು ಸೋರುವುದು, ಸೀನು, ಗಂಟಲು ಕೆರೆತದಂಥ ಕುತ್ತಿಗೆಯಿಂದ ಮೇಲಿನ ತೊಂದರೆ ಮಾತ್ರವಿದ್ದರೆ ನಿಧಾನವಾಗಿ ಸ್ವಲ್ಪ ದೂರ ಓಡಬಹುದು. ಎದೆಯಲ್ಲಿ ಕಫ, ಮೈಕೈ ನೋವು ಇದ್ದರೆ ಬೇಡ. ಜ್ವರವಿದ್ದರಂತೂ ಖಂಡಿತ ಬೇಡ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಊತ ತರುತ್ತವೆ, ಆಗ ಓಡುವುದು ಅಪಾಯ. ವಾಸಿಯಾದ ಮೇಲೆ ಮಾಮೂಲಿಯ ಅರ್ಧ ದೂರದಿಂದ ಶುರು ಮಾಡಿ.

ನಿಮ್ಮ ಕೆಮ್ಮಿನ ಬಗ್ಗೆ ಒಂದು ಅನುಮಾನ. ಅದು ಓಟ ಮುಗಿದ ಕೆಲವು ನಿಮಿಷಗಳಲ್ಲಿ ಶುರುವಾಗಿ, ಎದೆ ಬಿಗಿದಂತಾಗಿ, ಉಸಿರಲ್ಲಿ ಸುಯ್ ಎಂಬ ಸದ್ದು ಬರುತ್ತದೆಯೇ? ಹಾಗಿದ್ದರೆ ತಂಡಿ ಗಾಳಿಗೆ ಶ್ವಾಸನಾಳ ಕಿರಿದಾಗುತ್ತಿರಬಹುದು. ಬಾಯಿ ಮೂಗಿಗೆ ತೆಳು ಬಟ್ಟೆ ಸುತ್ತಿ, ಮೊದಲ ಹದಿನೈದು ನಿಮಿಷ ನಿಧಾನವಾಗಿ ಓಡಿ ನೋಡಿ. ಜೊತೆಗೆ ವೈದ್ಯರಿಗೂ ತೋರಿಸಿ, ಇದಕ್ಕೆ ಓಟಕ್ಕೆ ಮುಂಚೆ ತೆಗೆದುಕೊಳ್ಳುವ ಇನ್‌ಹೇಲರ್ ಇದೆ.