ಕೇಳಿ, ಹೇಳುತ್ತೇನೆ: ಪೂಜೆಗೆ ಕುಳಿತರೂ ಮನಸ್ಸು ಕೂರುತ್ತಿಲ್ಲ

ಪ್ರಶ್ನೆ: ಅಕ್ಕನವರಿಗೆ ಶರಣು. ನಮ್ಮದು ಕಲಬುರಗಿ. ಯಜಮಾನರು ಪುಣೆಯಲ್ಲಿ ಕೆಲಸಕ್ಕಿದ್ದಾರೆ, ಮಗ ನೀಟ್ ಪರೀಕ್ಷೆಗೆ ಓದುತ್ತಿದ್ದಾನೆ. ಬೆಳಿಗ್ಗೆ ಲಿಂಗಪೂಜೆಗೆ ಕುಳಿತರೆ ಪಕ್ಕದ ಮೊಬೈಲ್ ಕಡೆಗೇ ಕಣ್ಣು. ರೊಟ್ಟಿ ಬಡಿಯುವಾಗಲೂ ವಿಡಿಯೊ ಓಡುತ್ತಿರಬೇಕು. ರಾತ್ರಿ ಯುದ್ಧ, ರೋಗ, ಅಪಘಾತದ ಸುದ್ದಿ ನೋಡುತ್ತ ಹನ್ನೆರಡು ದಾಟುತ್ತದೆ. ಆಮೇಲೆ ನಿದ್ದೆಯಿಲ್ಲ, ಎದೆ ಡವಡವ. ಅತ್ತೆಯವರು ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗಿ ಬಾ ಎನ್ನುತ್ತಾರೆ. ಗೆಳತಿ ಬೆಂಗಳೂರಿನ ಧ್ಯಾನ ಶಿಬಿರಕ್ಕೆ ಕರೆಯುತ್ತಾಳೆ. ಅದರ ಶುಲ್ಕ ಕೇಳಿ ಎದೆ ಇನ್ನಷ್ಟು ಹೊಡೆದುಕೊಂಡಿತು. ಎಲ್ಲಿಗೆ ಹೋಗಲಿ?

ಉತ್ತರ: ಸದ್ಯಕ್ಕೆ ಎಲ್ಲಿಗೂ ಬೇಡ, ತಂಗಿ. ಗಾಣಗಾಪುರಕ್ಕೆ ಅತ್ತೆಯವರ ಜೊತೆ ಒಮ್ಮೆ ಹೋಗಿ, ಭೀಮಾ-ಅಮರಜಾ ಸಂಗಮದಲ್ಲಿ ಮಿಂದು ಬನ್ನಿ, ಅವರಿಗೂ ಸಂತೋಷ. ಆದರೆ ಹುಣ್ಣಿಮೆಯ ನೂಕುನುಗ್ಗಲಿನಲ್ಲಿ ಸಿಗುವುದು ಭಕ್ತಿಯ ಹುರುಪು. ನೀವು ಕೇಳುತ್ತಿರುವ ನೆಮ್ಮದಿ ಅಲ್ಲ. ಶಿಬಿರದ ಮಾತು ಬಿಡಿ. ಸಾಲ ಮಾಡಿ ಶಾಂತಿ ತಂದವರನ್ನು ನಾನಂತೂ ಕಂಡಿಲ್ಲ.

ನಿಮ್ಮ ಪೂಜೆಯಲ್ಲೇ ದಾರಿಯಿದೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೋಡುತ್ತೀರಿ. ಉಳಿದ ಹೊತ್ತು ಅದೇ ಅಂಗೈಯಲ್ಲಿ ಮೊಬೈಲ್. ಬೆರಳು ಸರಿದಾಗಲೆಲ್ಲ ಹೊಸದೊಂದು ಕಾಣಬೇಕೆಂದು ಕಣ್ಣಿಗೆ ರೂಢಿಯಾಗಿಬಿಟ್ಟಿದೆ. ಲಿಂಗದಲ್ಲಿ ಹೊಸದೇನೂ ಆಗುವುದಿಲ್ಲ. ಕಪ್ಪು ಲೇಪದ ಮೇಲೆ ದೀಪದ ಬೆಳಕು ಒಂದು ಚುಕ್ಕಿಯಾಗಿ ನಿಂತಿರುತ್ತದೆ, ಅಷ್ಟೇ. ಆ ಚುಕ್ಕಿಯಲ್ಲೇ ನೋಟ ನೆಡಿ. ಸ್ವಲ್ಪ ಹೊತ್ತಿಗೆ ಬೇಸರ ಬರುತ್ತದೆ, ಖಂಡಿತ ಬರುತ್ತದೆ. ಪೂಜೆ ಕೆಟ್ಟಿತೆಂದು ಎದ್ದುಬಿಡಬೇಡಿ. ಮನಸ್ಸು ಹದಕ್ಕೆ ಬರುವುದು ಆ ಬೇಸರವನ್ನು ದಾಟಿದ ಮೇಲೆಯೇ. ಮೊಬೈಲನ್ನು ಸದ್ದಡಗಿಸಿ ಪಕ್ಕದಲ್ಲಿಟ್ಟುಕೊಂಡರೆ ಸಾಲದು, ಬೇರೆ ಕೋಣೆಯಲ್ಲಿಡಿ.

ಇನ್ನು ರೊಟ್ಟಿ. ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತೀರಲ್ಲ? ಆ ನೀರು ಆರುವ ಹೊತ್ತನ್ನು ನೋಡಿಕೊಂಡೇ ತಿರುವಬೇಕು. ತಡವಾದರೆ ಬಿರುಕು. ಆಮೇಲೆ ಅಂಚನ್ನು ಬಟ್ಟೆಯಿಂದ ಒತ್ತುತ್ತ ಹೋದರೆ ಉಬ್ಬುತ್ತದೆ. ಕೈ, ಕಣ್ಣು, ಕಿವಿ ಮೂರಕ್ಕೂ ಕೆಲಸ ಕೊಡುವ ಇಂಥ ಅಭ್ಯಾಸ ಬೆಂಗಳೂರಿನ ಶಿಬಿರದಲ್ಲಿ ಸಿಕ್ಕೀತೇ? ಅಡುಗೆಮನೆಯಿಂದ ಆ ವಿಡಿಯೊವನ್ನು ಹೊರಗೆ ಹಾಕಿ.

ರಾತ್ರಿಯ ಸುದ್ದಿಯ ವಿಷಯಕ್ಕೆ ಬರುತ್ತೇನೆ. ನಾನು ಬೀದರ್ ಜಿಲ್ಲೆಯವಳು, ಬಸವಕಲ್ಯಾಣದ ಕಥೆ ಎತ್ತದಿದ್ದರೆ ನನಗೆ ಊಟ ಸೇರುವುದಿಲ್ಲ. 12ನೇ ಶತಮಾನದಲ್ಲಿ ಅಲ್ಲಿ ಆಯ್ದಕ್ಕಿ ಮಾರಯ್ಯನ ಕಾಯಕ ಚೆಲ್ಲಿದ ಅಕ್ಕಿ ಆಯುವುದು. ಒಂದು ದಿನ ಆತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಇಂದಿಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದು ಕಳುಹಿಸಿದಳು. ಬಡವರ ಮನೆಯ ಹೆಂಗಸು ಹೀಗೆ ಹೇಳಲು ಎಂಥ ಎದೆಗಾರಿಕೆ ಬೇಕು! ಸುದ್ದಿಯನ್ನು ನೀವೂ ಹಾಗೆ ಅಳೆದು ತನ್ನಿ. ಬೆಳಿಗ್ಗೆ ಪತ್ರಿಕೆ ಓದಿ, ಸಾಕು. ನಡುರಾತ್ರಿ ನೀವು ಎಚ್ಚರವಿದ್ದರೆ ಯಾವ ಯುದ್ಧವೂ ನಿಲ್ಲುವುದಿಲ್ಲ. ಮಗನ ಓದಿನ ಚಿಂತೆ ಮಾತ್ರ ನಿಮ್ಮದೇ, ಅದನ್ನು ನಾನು ಸುರಿದು ಬಾ ಎನ್ನಲಾರೆ. ಆದರೂ ಅಮ್ಮ ಮೊಬೈಲ್ ಬದಿಗಿಟ್ಟದ್ದನ್ನು ಅವನು ಗಮನಿಸುತ್ತಾನೆ.

ಇಷ್ಟಾದರೂ ಎರಡು ವಾರ ನಿದ್ದೆ ಬಾರದಿದ್ದರೆ, ಎದೆಬಡಿತ ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ಭಕ್ತಿ ಕಡಿಮೆಯಾಯಿತೆಂದು ಕೊರಗಬೇಡಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ, ಶುಲ್ಕವಿಲ್ಲದೆ ಮಾತನಾಡಬಹುದು.

ಮನೆಯಲ್ಲಿ ಉಸಿರು ಕಟ್ಟಿದಂತಾದ ದಿನ, ವಿಶ್ವವಿದ್ಯಾಲಯದ ಹತ್ತಿರ 2009ರಲ್ಲಿ ಉದ್ಘಾಟನೆಯಾದ ಬುದ್ಧವಿಹಾರವಿದೆಯಲ್ಲ, ಅಲ್ಲಿಗೆ ಹೋಗಿ ಸುಮ್ಮನೆ ಕುಳಿತು ಬನ್ನಿ. ಸೆಲ್ಫಿ ಬೇಡ.

ಪ್ರಶ್ನೆ: ಯಾದಗಿರಿಯ ಕಾಲೇಜು ವಿದ್ಯಾರ್ಥಿ ನಾನು. ಜಪ ಎಣಿಸುವ ಆ್ಯಪ್ ಹಾಕಿಕೊಂಡಿದ್ದೇನೆ. ಒಂದು ದಿನ ತಪ್ಪಿದರೂ ಅದು ಕೆಂಪು ಗುರುತು ತೋರಿಸುತ್ತದೆ, ನನಗೆ ಗಾಬರಿಯಾಗುತ್ತದೆ. ಏನು ಮಾಡಲಿ?

ಉತ್ತರ: ತಮ್ಮಾ, ಜಪ ಇರಲಿ, ಆ್ಯಪ್ ತೆಗೆದುಹಾಕು. ಎಣಿಸಲೇಬೇಕೆಂದರೆ ಬೆರಳ ಗಣ್ಣುಗಳಿವೆ.