‘ಝೋಡಿಯಾಕ್’ ಸಿನಿಮಾ ಅರ್ಧಕ್ಕೇ ಬೋರಾಯ್ತು, ಜನ ಯಾಕೆ ಇಷ್ಟು ಹೊಗಳ್ತಾರೆ?
ಕೊಲೆಗಾರ ಸಿಕ್ಕಿಬೀಳ್ತಾನೆ ಅಂತ ಕಾದಿದ್ದೇ ಬಹುಶಃ ಕಾರಣ. ಚಿತ್ರಕ್ಕೆ ಆಧಾರವಾದ ನಿಜ ಸರಣಿ ಕೊಲೆ ಪ್ರಕರಣದಲ್ಲೇ ಯಾರ ಮೇಲೂ ಆರೋಪ ಸಾಬೀತಾಗಿಲ್ಲ, ನಿರ್ದೇಶಕ ಡೇವಿಡ್ ಫಿಂಚರ್ ಸುಳ್ಳು ಕ್ಲೈಮ್ಯಾಕ್ಸ್ ಕಟ್ಟಲು ಹೋಗಿಲ್ಲ. ತೆರೆ ಮೇಲಿನ ಕೊಲೆಗಳು ಮೊದಲರ್ಧದಲ್ಲೇ ಮುಗೀತಾವೆ. ಆಮೇಲೆ ಬರೀ ಕಡತ, ಕೈಬರಹ, ಅದರ ಹಿಂದೆ ಬಿದ್ದು ಹಾಳಾಗುವವರು. ಹೊಗಳುವವರಿಗೆ ಹಿಡಿಸೋದೂ ಇದೇ, ಬೈಯುವವರಿಗೆ ಸಾಕಾಗೋದೂ ಇದೇ.

ಇನ್ನೊಮ್ಮೆ ನೋಡೋದಾದರೆ 157 ನಿಮಿಷ ಒಂದೇ ಸಲಕ್ಕೆ ಬೇಡ. ಮೊದಲು ಟ್ಯಾಕ್ಸಿ ಚಾಲಕನ ಕೊಲೆಯವರೆಗೆ ನೋಡಿ. ಎಲ್ಲ ದಾಳಿಗಳಲ್ಲೂ ಹಂತಕನ ಮೈಕಟ್ಟು ಒಂದೇ ಅಲ್ಲ, ಯಾಕೆಂದರೆ ಬೇಕೆಂದೇ ಬೇರೆ ಬೇರೆ ನಟರನ್ನು ಹಾಕಿದ್ದಾರೆ. ಮರುದಿನ ಶಂಕಿತನ ವಿಚಾರಣೆಯಿಂದ ಶುರು ಮಾಡಿ: ಮೂವರು ಪೊಲೀಸರ ಕಣ್ಣು ಅವನ ಕೈಗಡಿಯಾರದ ಮೇಲೆ ನಿಲ್ಲುವ ಕ್ಷಣ ತಪ್ಪಿಸಬೇಡಿ. ನೆಲಮಾಳಿಗೆಯ ದೃಶ್ಯಕ್ಕೆ ಹೆಡ್‌ಫೋನ್ ಹಾಕಿಕೊಳ್ಳಿ (ಟಿವಿ ಸ್ಪೀಕರಿನಲ್ಲಿ ಅರ್ಧ ಭಯ ಹೋಗುತ್ತೆ). ಪೋಸ್ಟರಿನ ಕೈಬರಹ ಯಾರದ್ದು ಅನ್ನೋ ಮಾತು ಬಂದಮೇಲೆ ತಲೆ ಮೇಲಿನ ಹಲಗೆಗಳ ಸದ್ದು ಕೇಳಿ.

ಆಗ ಹಿಡಿಸೇ ಹಿಡಿಸುತ್ತೆ ಅಂತ ಖಾತ್ರಿ ಕೊಡಲಾರೆ. ಆ ದೃಶ್ಯಕ್ಕೂ ಏನೂ ಅನ್ನಿಸದಿದ್ದರೆ ಅಲ್ಲಿಗೇ ಬಿಟ್ಟು ಫಿಂಚರ್ ಅವರದ್ದೇ ‘ಸೆವೆನ್’ (1995) ನೋಡಿ, ಅದಕ್ಕೆ ಗಟ್ಟಿ ಅಂತ್ಯವಿದೆ.