ಸುಟ್ಟಿದ್ದು ಯಾರ ಕಾರ್ಡು?

ಈ ಕೌನ್ಸೆಲಿಂಗ್ ಕೇಸ್ ಬರೆಯಬೇಕೋ ಬೇಡವೋ ಅಂತ ಎರಡು ತಿಂಗಳು ಯೋಚನೆ ಮಾಡಿದೆ. ಬರೆದರೆ ನನ್ನ ತಪ್ಪನ್ನೂ ಬರೆಯಬೇಕಾಗುತ್ತದೆ, ಅದಕ್ಕೆ. ಆದರೆ ಮೊನ್ನೆ ಇನ್ನೊಂದು ಮನೆಯವರು ಬಂದು ಕೂತವರೇ "ಮೇಡಂ, ಇವಳಿಗೆ ಕೊರಿಯಾ ಹುಚ್ಚು" ಅಂತ ಅದೇ ಮಾತಿನಿಂದ ಶುರು ಮಾಡಿದರು. ಒಂದು ವರ್ಷದಲ್ಲಿ ನಾಲ್ಕನೇ ಸಲ ಈ ಮಾತು ಕೇಳುತ್ತಿರುವುದು. ಹಾಗಾಗಿ ಬರೆಯುತ್ತಿದ್ದೇನೆ. ಹುಡುಗಿ ಮತ್ತು ಅವಳ ತಂದೆ ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗಬಾರದು ಅಂತ ಒಂದಷ್ಟು ವಿವರ ಬದಲಾಯಿಸಿದ್ದೇನೆ.

ಆಲ್ದೂರು ಕಡೆಯವರು. ತಂದೆ ಕಾಫಿ ಎಸ್ಟೇಟ್ ಒಂದರಲ್ಲಿ ಲೆಕ್ಕ ಬರೆಯುವ ರೈಟರ್. ತಾಯಿ ಎರಡು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಾರೆ. ಹುಡುಗಿಗೆ 17 ವರ್ಷ, ಸೆಕೆಂಡ್ ಪಿಯು ಕಾಮರ್ಸ್, ದಿನಾ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಬಂದು ಹೋಗುತ್ತಾಳೆ. ಹಿನ್ನೆಲೆ ಇಷ್ಟು ಸಾಕು.

ಕಳೆದ ಮಳೆಗಾಲದ ಮಾತು. ಹುಡುಗಿ ಎಂಟು ದಿನದಿಂದ ಕಾಲೇಜಿಗೆ ಹೋಗಿರಲಿಲ್ಲ. ಊಟಕ್ಕೆ ಕರೆದರೆ ಬರುವುದಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾಳೆ. ಕಾರಣ ಏನು ಅಂತ ಕೇಳಿದರೆ ಅಪ್ಪ ಅಮ್ಮ ಇಬ್ಬರೂ ಒಟ್ಟಿಗೇ ಹೇಳಿದ್ದು ಒಂದೇ: ಬಿಟಿಎಸ್, ಕೊರಿಯಾದ ಏಳು ಹುಡುಗರ ಹಾಡಿನ ತಂಡ. ಓದುವ ಹೊತ್ತಿನಲ್ಲಿ ಮೊಬೈಲ್, ರಾತ್ರಿ ಮೊಬೈಲ್, ಟೆಸ್ಟಿನಲ್ಲಿ ಮಾರ್ಕ್ಸ್ ಕಡಿಮೆ. ಒಂದು ದಿನ ಅಪ್ಪನಿಗೆ ತಡೆಯಲಾಗಲಿಲ್ಲ. ಮೊಬೈಲ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವಳ ಕಪಾಟಿನಲ್ಲಿದ್ದ ಫೋಟೊಗಳ ಫೈಲನ್ನು ಹಾಗೇ ತಗೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದರು. ನಮ್ಮ ಮಲೆನಾಡಿನ ಮನೆಗಳಲ್ಲಿ ಮಳೆಗಾಲದಲ್ಲಿ ಆ ಒಲೆ ಆರುವುದೇ ಇಲ್ಲವಲ್ಲ, ಕೈಗೆ ಹತ್ತಿರದಲ್ಲೇ ಬೆಂಕಿ ಇತ್ತು.

"ಅವತ್ತಿಂದ ಹೀಗೆ ಮೇಡಂ. ಯಾರೋ ಗೊತ್ತಿಲ್ಲದ ಹುಡುಗರ ಫೋಟೊಗೆ ಇಷ್ಟೊಂದಾ?" ಅಂದರು ತಂದೆ.

ತಾಯಿ ಇನ್ನೊಂದು ಮಾತು ಸೇರಿಸಿದರು. "ಆ ಹುಡುಗ್ರು ಮಿಲಿಟರಿಗೆ ಹೋದಾಗ್ಲೂ ಹಿಂಗೇ ಅತ್ತಿದ್ಲು. ಈಗ ಎಲ್ಲರೂ ವಾಪಸ್ ಬಂದಾಯ್ತಂತಲ್ಲ ಮೇಡಂ, ಮತ್ತೆ ಯಾಕೆ ಅಳ್ತಾಳೆ?"

ಸರಿಯಾದ ಪ್ರಶ್ನೆ. ದಕ್ಷಿಣ ಕೊರಿಯಾದಲ್ಲಿ ಗಂಡುಮಕ್ಕಳಿಗೆ ಸೇನಾ ಸೇವೆ ಕಡ್ಡಾಯ, ಭೂಸೇನೆಯಲ್ಲಾದರೆ ಹದಿನೆಂಟು ತಿಂಗಳು. ಬಿಟಿಎಸ್‌ನ ಏಳು ಜನರಲ್ಲಿ ಮೊದಲನೆಯವನು 2022ರ ಡಿಸೆಂಬರಿನಲ್ಲಿ ಹೋದ. 2023ರ ಡಿಸೆಂಬರ್ 11 ಮತ್ತು 12ರಂದು ಕೊನೆಯ ನಾಲ್ವರು ಒಟ್ಟಿಗೇ ಹೋದಾಗ ನಮ್ಮೂರಿನ ಹೆಣ್ಣುಮಕ್ಕಳು ಕ್ಲಾಸಿನಲ್ಲಿ ಕೂತು ಅತ್ತಿದ್ದನ್ನು ನನಗೆ ಟೀಚರ್ ಒಬ್ಬರು ಹೇಳಿದ್ದರು. 2025ರ ಜೂನ್ ಮುಗಿಯುವ ಹೊತ್ತಿಗೆ ಏಳೂ ಜನ ಸೇವೆ ಮುಗಿಸಿ ಹೊರಗೆ ಬಂದಿದ್ದರು. ಅಭಿಮಾನಿಗಳು ಹಬ್ಬ ಮಾಡಬೇಕಾದ ಹೊತ್ತು ಅದು. ಈ ಹುಡುಗಿ ಮಾತ್ರ ಊಟ ಬಿಟ್ಟಿದ್ದಳು. ತಾಯಿ ಕೇಳಿದ ಪ್ರಶ್ನೆ ಹಿಡಿದು ನಾನು ಹೋಗಬೇಕಿತ್ತು. ಹೋಗಲಿಲ್ಲ.

ಯಾಕೆಂದರೆ ನನ್ನ ತಲೆಯಲ್ಲಿ ಉತ್ತರ ಮೊದಲೇ ಸಿದ್ಧವಾಗಿತ್ತು. 1956ರಲ್ಲಿ ಹಾರ್ಟನ್ ಮತ್ತು ವೋಲ್ ಅನ್ನುವ ಇಬ್ಬರು ಒಂದು ಲೇಖನ ಬರೆದರು. ಟಿವಿ, ರೇಡಿಯೋದಲ್ಲಿ ಬರುವವರನ್ನು ನೋಡುತ್ತಾ ನೋಡುತ್ತಾ, ಅವರು ನಮಗೆ ಹತ್ತಿರದ ಗೆಳೆಯರೇ ಅನ್ನಿಸುವ ಒಮ್ಮುಖದ ನಂಟಿನ ಬಗ್ಗೆ. ಪ್ಯಾರಾಸೋಶಿಯಲ್ ಅಂತ ಅದಕ್ಕೆ ಹೆಸರು. ನಮ್ಮ ಕಸುಬಿನವರಿಗೆಲ್ಲ ಈ ಪದ ಬಾಯಿಪಾಠ. ಎರಡು ಸೆಷನ್ ಪೂರ್ತಿ ನಾನು ಅದೇ ದಾರಿಯಲ್ಲಿ ಹೋದೆ. ಯಾರು ನಿನಗೆ ಜಾಸ್ತಿ ಇಷ್ಟ, ಅವನ ಹಾಡು ಕೇಳಿದರೆ ಏನನ್ನಿಸುತ್ತದೆ, ಅವನಿಗೆ ನೀನು ಗೊತ್ತಿಲ್ಲ ಅನ್ನುವುದು ಕಾಡುತ್ತದೆಯಾ, ಹೀಗೆ. ಹುಡುಗಿ ಮರ್ಯಾದೆಯಿಂದ ಹೂಂ, ಇಲ್ಲ, ಗೊತ್ತಿಲ್ಲ ಅಂದಳು. ಕಣ್ಣು ಮಾತ್ರ ಕಿಟಕಿ ಆಚೆ.

ಸಾಯಬೇಕು ಅನ್ನಿಸಿದೆಯಾ ಅಂತ ಮೊದಲ ದಿನವೇ ನೇರವಾಗಿ ಕೇಳಿದ್ದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಮನೆಯವರು ಹೆದರುತ್ತಾರೆ, ಹಾಗೇನೂ ಆಗುವುದಿಲ್ಲ, ಕೇಳಬೇಕು. ಅವಳು ಹೇಳಿದ್ದು: "ಸಾಯಬೇಕು ಅಂತಲ್ಲ ಮೇಡಂ. ಮುಖ ತೋರ್ಸೋಕಾಗಲ್ಲ ಅನ್ಸತ್ತೆ."

ಆ ಮಾತನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ, ಈಗಲೂ ಇದೆ. ಯಾರಿಗೆ ಮುಖ ತೋರಿಸಲು ಆಗುವುದಿಲ್ಲ ಅಂತ ಕೇಳಲಿಲ್ಲ. ಅಪಾಯ ಇಲ್ಲ ಅಂತ ಸಮಾಧಾನ ಮಾಡಿಕೊಂಡು, ಕಷ್ಟ ಅನ್ನಿಸಿದರೆ ರಾತ್ರಿಯಾದರೂ 14416ಕ್ಕೆ ಕರೆ ಮಾಡು ಅಂತ ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ ಕೊಟ್ಟು ಕಳಿಸಿದೆ. ಅವಳ ಮೊಬೈಲ್ ಬೀರುವಿನಲ್ಲಿ ಬೀಗದೊಳಗಿದೆ ಅನ್ನುವುದೂ ಆಗ ನೆನಪಾಗಲಿಲ್ಲ ನೋಡಿ.

ಮೂರನೇ ಸೆಷನ್. ಹೊರಗೆ ಧೋ ಅಂತ ಮಳೆ, ಕರೆಂಟ್ ಇಲ್ಲ. ನನಗೂ ಪ್ರಶ್ನೆ ಮುಗಿದಿದ್ದವು. ಸುಮ್ನೆ ಕೂತಿದ್ದೆವು. ಏನಾದರೂ ಹೇಳಬೇಕಲ್ಲ ಅಂತ ಹೇಳಿದೆ, "ಅಷ್ಟು ದಿನದಿಂದ ಕೂಡಿಟ್ಟಿದ್ದ ನಿನ್ನ ಕಾರ್ಡ್‌ಗಳು ಸುಟ್ಟುಹೋದವು, ಬೇಜಾರಾಗೋದು ಸಹಜ ಪುಟ್ಟ."

ಹುಡುಗಿ ಮೊದಲ ಸಲ ನನ್ನ ಮುಖ ನೋಡಿದಳು. "ಸುಟ್ಟಿದ್ದು ನನ್ನ ಕಾರ್ಡ್ ಅಲ್ಲ ಮೇಡಂ" ಅಂದಳು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊರಿಯಾದ ಆಲ್ಬಂ ಕೊಂಡರೆ ಒಳಗೆ ಫೋಟೊಕಾರ್ಡ್ ಇರುತ್ತದೆ, ಹೆಚ್ಚು ಕಡಿಮೆ ಎಟಿಎಂ ಕಾರ್ಡಿನ ಅಳತೆ. ಏಳು ಜನರಲ್ಲಿ ಯಾರದು ಬರುತ್ತದೆ ಅಂತ ಒಡೆಯುವವರೆಗೂ ಗೊತ್ತಾಗುವುದಿಲ್ಲ. ತನಗೆ ಬೇಕಾದವನದ್ದೇ ಬೇಕು ಅಂದರೆ ಮತ್ತೆ ಮತ್ತೆ ಆಲ್ಬಂ ಕೊಳ್ಳಬೇಕು, ಇಲ್ಲಾ ಬೇರೆಯವರ ಹತ್ತಿರ ಬದಲಾಯಿಸಿಕೊಳ್ಳಬೇಕು. ಕಂಪನಿಯವರ ಜಾಣತನ ಇರುವುದೇ ಇಲ್ಲಿ, ಆ ಬಗ್ಗೆ ನನಗೆ ಬೇಕಾದಷ್ಟು ಸಿಟ್ಟಿದೆ, ಈಗ ಬೇಡ. ಒಬ್ಬೊಬ್ಬರೇ ತರಿಸಿದರೆ ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ದುಬಾರಿ. ಅದಕ್ಕೆ ಹತ್ತು ಹುಡುಗಿಯರು ಸೇರಿ ಒಟ್ಟಿಗೆ ತರಿಸುತ್ತಾರೆ. ಗ್ರೂಪ್ ಆರ್ಡರ್ ಅನ್ನುತ್ತಾರೆ. ಒಬ್ಬಳು ದುಡ್ಡು ವಸೂಲಿ ಮಾಡಿ, ಬಂದ ಮಾಲನ್ನು ಹಂಚಿ, ಪ್ಯಾಕ್ ಮಾಡಿ ಅಂಚೆಗೆ ಹಾಕಬೇಕು.

ಆ ಒಬ್ಬಳು ಇವಳು. ಒಂಬತ್ತು ಹುಡುಗಿಯರು, ಹಾಸನ, ಬೇಲೂರು, ಕಡೂರು, ಶಿವಮೊಗ್ಗದವರು. ಯಾರನ್ನೂ ಮುಖತಃ ನೋಡಿಲ್ಲ. ದುಡ್ಡು ಬರುತ್ತಿದ್ದದ್ದು ಅಮ್ಮನ ಖಾತೆಗೆ, ಡೈರಿ ದುಡ್ಡು ಬೀಳುವ ಖಾತೆ ಅದು, ನೋಡಿಕೊಳ್ಳುವವಳು ಮಗಳೇ. ಒಲೆಗೆ ಬಿದ್ದ ಫೈಲಿನಲ್ಲಿ ಅವಳವು ಏಳೋ ಎಂಟೋ ಇದ್ದವು. ಉಳಿದ 26 ಕಾರ್ಡು ಬೇರೆಯವರವು, ಮಾರನೆಯ ವಾರ ಅಂಚೆಗೆ ಹೋಗಬೇಕಿದ್ದವು. ಮೊಬೈಲ್ ಇಲ್ಲದೆ ಅವರಿಗೆ ತಿಳಿಸಲೂ ಆಗಲಿಲ್ಲ. ದುಡ್ಡು ತಗೊಂಡು ಕಣ್ಮರೆಯಾದವರ ಹೆಸರನ್ನು ಈ ಹುಡುಗಿಯರು ಪಟ್ಟಿ ಮಾಡಿ ಹಂಚುತ್ತಾರೆ. ಗೆಳತಿಯ ಮೊಬೈಲಿನಲ್ಲಿ ಒಂದು ಸಲ ನೋಡಿದ್ದಾಳೆ, ಆ ಪಟ್ಟಿಯಲ್ಲಿ ಇವಳ ಹೆಸರು ಬಂದಿದೆ. ಪಕ್ಕದಲ್ಲಿ 'ಸ್ಕ್ಯಾಮರ್' ಅಂತ.

"ಎಲ್ಲರೂ ಅವನ ಬಗ್ಗೆನೇ ಕೇಳ್ತೀರಿ ಮೇಡಂ. ನೀವೂ" ಅಂದಳು.

ನನಗೆ ಉತ್ತರ ಇರಲಿಲ್ಲ. ಕ್ಷಮೆ ಕೇಳಿದೆ. ಬಾಯಿಮಾತಿಗಲ್ಲ, ನಿಜಕ್ಕೂ ಕೇಳಿದೆ. ಎರಡು ಸೆಷನ್, ಹೋಗಿ ಬರುವ ಬಸ್ ಚಾರ್ಜ್ ಸಮೇತ ನಾನೇ ಹಾಳು ಮಾಡಿದ್ದೆ.

ಆಮೇಲೆ ಅವಳು ಕಾಲೇಜ್ ಬ್ಯಾಗಿನಿಂದ ಒಂದು ನೂರು ಪುಟದ ಪುಸ್ತಕ ತೆಗೆದಳು. ಬೇರೆ ಎಲ್ಲ ಸುಟ್ಟಿದ್ದರೂ ಇದು ಬ್ಯಾಗಿನಲ್ಲಿದ್ದದ್ದರಿಂದ ಉಳಿದಿತ್ತು. ಸ್ಕೇಲಿಟ್ಟು ಗೆರೆ ಎಳೆದಿದ್ದಾಳೆ. ಹೆಸರು, ಯಾರ ಕಾರ್ಡು, ಎಷ್ಟು, ಅಡ್ವಾನ್ಸ್, ಬಾಕಿ, ಅಂಚೆ ಖರ್ಚು. ನೇರಳೆ ಇಂಕಿನಲ್ಲಿ, ಅದು ಆ ಅಭಿಮಾನಿಗಳ ಬಣ್ಣ. ನೋಡಿದ ಕೂಡಲೇ ನನಗೆ ಅವಳ ಅಪ್ಪ ನೆನಪಾದರು. ಇದನ್ನು ಅಪ್ಪನಿಗೆ ತೋರಿಸಬಹುದಾ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. "ಬೈತಾರೆ" ಅಂದಳು. ಬೈದರೆ ನಾನಿದ್ದೀನಿ ಅಂದೆ. ತಲೆ ಆಡಿಸಿದಳು.

ಅಪ್ಪ ಹೊರಗೆ ಬೆಂಚಿನ ಮೇಲೆ ಕೊಡೆ ಹಿಡಿದುಕೊಂಡೇ ಕೂತಿದ್ದರು. ಅವರ ಮೊಬೈಲಿನ ಹಿಂದೆ ಅಪ್ಪು ಫೋಟೊ ಇದೆ, ಮೊದಲ ದಿನವೇ ಗಮನಿಸಿದ್ದೆ. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ನೀವು ಅಳಲಿಲ್ಲವಾ ಅಂತ ಕೇಳುವ ಆಸೆ ಬಹಳ ಇತ್ತು. ಕೇಳಲಿಲ್ಲ. ಆ ಬಾಣ ಎಲ್ಲರೂ ಬಿಡುತ್ತಾರೆ. ಅಪ್ಪಂದಿರು ತಲೆ ತಗ್ಗಿಸುತ್ತಾರೆ, ಮನೆಗೆ ಹೋದ ಮೇಲೆ ಸಿಟ್ಟು ಇಮ್ಮಡಿಯಾಗುತ್ತದೆ. ಅದೂ ಅಲ್ಲದೆ ಇಲ್ಲಿ ವಿಷಯ ಅಭಿಮಾನದ್ದೇ ಆಗಿರಲಿಲ್ಲ.

ಪುಸ್ತಕ ಅವರ ಕೈಗೆ ಕೊಟ್ಟೆ. ಎಸ್ಟೇಟಿನ ರೈಟರ್ ದಿನಾ ಮಾಡುವುದು ಇದನ್ನೇ ಅಲ್ವಾ? ಚೆಕ್‌ರೋಲ್‌ನಲ್ಲಿ ಆಳುಗಳ ಹೆಸರು, ಎಷ್ಟು ದಿನ, ಎಷ್ಟು ಅಡ್ವಾನ್ಸ್, ಎಷ್ಟು ಬಾಕಿ. ಅವರು ಕನ್ನಡಕ ಹಾಕಿಕೊಂಡರು. ಕಿಟಕಿ ಹತ್ತಿರ ಬೆಳಕಿಗೆ ಹೋಗಿ ನಿಂತರು. ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾ ಹೋದರು, ತುಟಿ ಅಲ್ಲಾಡುತ್ತಿತ್ತು, ಕೂಡುತ್ತಿದ್ದರು. ಐದಾರು ನಿಮಿಷ ಮಳೆ ಸದ್ದು ಬಿಟ್ಟರೆ ಇನ್ನೇನೂ ಇಲ್ಲ.

"ಮಗಾ, ಇದು ಟ್ಯಾಲಿ ಆಗ್ತಿಲ್ಲ" ಅಂದರು. "ಬಂದಿದ್ದು 18,450. ಮಾಲಿಗೆ ಕೊಟ್ಟಿದ್ದು 13,900. ಅಂಚೆಗೆ 650. ಕೈಯಲ್ಲಿ 3,900 ಇರಬೇಕು. ನೀನು 2,200 ಅಂತ ಬರ್ದಿದೀಯ. 1,700 ಎಲ್ಲೋಯ್ತು?"

ನನ್ನ ಎದೆ ಧಸಕ್ಕೆಂದಿತು. ಮಧ್ಯೆ ಬಾಯಿ ಹಾಕಿ ಹುಡುಗಿಯನ್ನು ಉಳಿಸಬೇಕು ಅಂತ ಬಾಯಿವರೆಗೆ ಬಂತು. ತಡೆದೆ. ಯಾಕೆ ಅಂದರೆ ಅಷ್ಟು ದಿನದಲ್ಲಿ ಅಪ್ಪ ಅವಳನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು. ದನಿಯಲ್ಲಿ ಸಿಟ್ಟಿರಲಿಲ್ಲ. ಜೊತೆಯಲ್ಲಿ ಲೆಕ್ಕ ಬರೆಯುವವರನ್ನು ಕೇಳುವ ಹಾಗೆ ಕೇಳಿದರು.

ಹುಡುಗಿ ಅಳಲಿಲ್ಲ. "ನಾನು ತಗೊಂಡೆ ಅಪ್ಪ. ನನಗೆ ಒಂದು ಕಾರ್ಡ್ ಬೇಕಿತ್ತು. ಮುಂದಿನ ತಿಂಗಳು ತುಂಬೋಣ ಅಂದ್ಕೊಂಡೆ."

ಅಪ್ಪ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು. "ಬೇರೆಯವರ ದುಡ್ಡಲ್ಲಿ ಕೈ ಹಾಕಬಾರದು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಾನು ಬೇರೆಯವರ ಸಾಮಾನು ಸುಟ್ಟೆ" ಅಂದರು. ಮಗಳಿಗೆ ಹೇಳಿದ್ದಾ, ನನಗೆ ಹೇಳಿದ್ದಾ ಗೊತ್ತಾಗಲಿಲ್ಲ.

ನಾನು ಕೊಟ್ಟ ಸಲಹೆ ಕೆಲವರಿಗೆ ಇಷ್ಟವಾಗಿಲ್ಲ, ಅದಕ್ಕೇ ಕಾರಣ ಸಮೇತ ಹೇಳುತ್ತೇನೆ. ಸುಟ್ಟ 26 ಕಾರ್ಡಿನ ಬೆಲೆ 9,340 ರೂಪಾಯಿ, ಅದನ್ನು ಅಪ್ಪ ಕೊಡಬೇಕು ಅಂದೆ. 1,700 ಹುಡುಗಿಯೇ ತುಂಬಬೇಕು, ಅಪ್ಪ ಅಮ್ಮ ತುಂಬಿಕೊಡಬಾರದು. ಮೊಬೈಲ್ ಅವತ್ತೇ ವಾಪಸ್ ಕೊಡಬೇಕು, ಒಂಬತ್ತೂ ಜನರಿಗೆ ಅವಳೇ ಬರೆಯಬೇಕು. ಏನಾಯಿತು, ಎಷ್ಟು ಸುಟ್ಟಿತು, ಎಷ್ಟು ತಾನು ತೆಗೆದುಕೊಂಡೆ, ಯಾವಾಗ ಕೊಡುತ್ತೇನೆ, ಎಲ್ಲವನ್ನೂ. ಅಪ್ಪನನ್ನು ವಿಲನ್ ಮಾಡಿ ಬರೆಯುವುದು ಬೇಡ ಅಂತಲೂ ಹೇಳಿದೆ. ಇನ್ನು 18 ತುಂಬುವವರೆಗೆ ಬೇರೆಯವರ ದುಡ್ಡು ವಸೂಲಿ ಮಾಡುವುದು ನಿಲ್ಲಿಸಬೇಕು. ಒಂಬತ್ತು ಜನರ ಹಣಕ್ಕೆ ಹೊಣೆ ಹೊರುವ ವಯಸ್ಸಲ್ಲ, ನಮ್ಮ ಕಾನೂನಿನಲ್ಲೂ ಅಪ್ರಾಪ್ತರು ಮಾಡಿದ ಒಪ್ಪಂದ ನಿಲ್ಲುವುದಿಲ್ಲ. ಅಮ್ಮನ ಖಾತೆಯಲ್ಲಂತೂ ಬೇಡವೇ ಬೇಡ.

ಬಿಟಿಎಸ್ ಬಿಡು ಅಂತ ಹೇಳಲಿಲ್ಲ. ಇದಕ್ಕೇ ನನ್ನ ಜೊತೆ ಕೆಲಸ ಮಾಡುವವರೊಬ್ಬರು ಬೇಜಾರು ಮಾಡಿಕೊಂಡರು. ಅಪ್ಪನಿಗೆ ದಂಡ ಹಾಕಿ ಮಗಳ ಹುಚ್ಚಿಗೆ ಬೆಲೆ ಕಟ್ಟಿಸಿದಿರಿ, ನಾಳೆ ಅವಳು ಅಪ್ಪನ ಮಾತು ಕೇಳುತ್ತಾಳಾ ಅಂದರು. ನನಗೆ ಹಾಗನ್ನಿಸುವುದಿಲ್ಲ. ಓದು ಹಾಳಾಗಿತ್ತು, ನಿಜ. ಆದರೆ ರಾತ್ರಿ ಮೊಬೈಲ್ ಹಿಡಿದಿದ್ದು ಹಾಡು ಕೇಳುವುದಕ್ಕಿಂತ ಜಾಸ್ತಿ ಪಾರ್ಸೆಲ್ ಎಲ್ಲಿದೆ, ಯಾರ ಬಾಕಿ ಬಂತು ಅಂತ ಉತ್ತರ ಕೊಡಲು. ಅದನ್ನು ನಿಲ್ಲಿಸಿದೆವಲ್ಲ. ಹಾಡು ಕೇಳಿಕೊಂಡಿರಲಿ ಬಿಡಿ. ಆಲ್ದೂರಿನಿಂದ ಒಳಗೆ ಮೂರು ಕಿಲೋಮೀಟರ್ ಎಸ್ಟೇಟ್ ಆಳುಗಳ ಲೈನ್ ಮನೆಗಳ ಪಕ್ಕದ ಮನೆ, ಸುತ್ತ ಅವಳ ವಯಸ್ಸಿನ ಒಂದು ಮಗುವೂ ಇಲ್ಲ. ಆ ಒಂಬತ್ತು ಜನರನ್ನೂ ಕಿತ್ತುಕೊಂಡರೆ ಅವಳು ಯಾರ ಜೊತೆ ಮಾತಾಡಬೇಕು? ಇನ್ನು ಅಪ್ಪನ ಮಾತು. ಆಳುಗಳ ಬಟವಾಡೆಯಲ್ಲಿ ಒಂದು ರೂಪಾಯಿ ಆಚೀಚೆ ಮಾಡದ ಮನುಷ್ಯ, ತಾನು ಮಾಡಿದ ನಷ್ಟ ತಾನೇ ತುಂಬುವುದನ್ನು ಮಗಳು ನೋಡಿದರೆ ಗೌರವ ಕಡಿಮೆಯಾಗುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ.

ಎಲ್ಲಾ ಅಭಿಮಾನವೂ ಹೀಗೇ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ನಿದ್ದೆ ಬಿಟ್ಟು ವಿಡಿಯೋ ಎಣಿಕೆ ಏರಿಸುವ ಮಕ್ಕಳು, ಇನ್ನೊಬ್ಬ ಗಾಯಕನ ಅಭಿಮಾನಿಗಳಿಗೆ ಹೊಲಸು ಬೈಯುವ ಮಕ್ಕಳು ನನ್ನ ಹತ್ತಿರ ಬಂದಿದ್ದಾರೆ, ಅವರಿಗೆ ಬೇರೆಯೇ ಮಾತು ಹೇಳಿದ್ದೇನೆ. ಆದರೆ ದಯವಿಟ್ಟು ಮಕ್ಕಳ ಸಾಮಾನನ್ನು ಬೆಂಕಿಗೆ ಹಾಕಬೇಡಿ. ಹಾಕುವ ಮೊದಲು ಅದು ಯಾರದ್ದು ಅಂತಾದರೂ ಕೇಳಿ. ಮೊನ್ನೆ ಬಂದವರಿಗೂ ಇದನ್ನೇ ಹೇಳಿದೆ, ಅವರು ಅದಾಗಲೇ ಹರಿದು ಹಾಕಿ ಬಂದಿದ್ದರು.

ಹುಡುಗಿ ಗೌರಿ ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡು, ಸೋದರತ್ತೆ ಕೊಟ್ಟ ದುಡ್ಡು ಸೇರಿಸಿ 1,700 ತುಂಬಿದಳು. ಮೊಬೈಲ್ ಕವರಿನ ಹಿಂದೆ ಸಿಕ್ಕಿಸಿಕೊಂಡಿದ್ದ ಒಂದೇ ಒಂದು ಕಾರ್ಡ್ ಬೆಂಕಿಯಿಂದ ಉಳಿದಿತ್ತು, ಆ 1,700ಕ್ಕೆ ಕೊಂಡದ್ದೂ ಅದೇ. ಮಾರು ಅಂತ ನಾನು ಹೇಳಲಿಲ್ಲ, ಅವಳೂ ಮಾರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದಾಳೆ. ಅಪ್ಪನ ಜೊತೆ ಮಾತು ಇನ್ನೂ ಅಷ್ಟಕ್ಕಷ್ಟೇ, ಲೆಕ್ಕದ ವಿಷಯಕ್ಕೆ ಮಾತ್ರ. ಪಟ್ಟಿಯಿಂದ ಹೆಸರು ತೆಗೆದಿದ್ದಾರೆ.

ಎಂಟು ಜನ ದುಡ್ಡು ತಗೊಂಡು ಸುಮ್ಮನಾದರು. ಹಾಸನದ ಹುಡುಗಿ ಮಾತ್ರ ದುಡ್ಡು ವಾಪಸ್ ಕಳಿಸಿದ್ದಾಳೆ. ದುಡ್ಡು ಬೇಡ, ಆ ಕಾರ್ಡೇ ಬೇಕು ಅಂತ. ಈಗ ಅಪ್ಪ ಮಗಳು ಇಬ್ಬರೂ ಅದನ್ನು ಹುಡುಕುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲ.